ಕೆಂಪಮ್ಮ ತಟ್ಟಿದ ಬಾಗಿಲು

“ನನ್ನ ಮಶೀನಲ್ಲಿ ಓಡ್ತಾ ಇದೆಯಲ್ಲ!”

ಈ ಲೋಕದಲ್ಲಿ ನನಗೆ ಹೇಸಿಗೆ ತರಿಸುವ ಮಾತು ಇದೊಂದೇ. ಸುಳ್ಳು ಹೇಳುವವರನ್ನು ಸಹಿಸಿಕೊಂಡೇನು. ಫ್ರಿಜ್ಜಿನಿಂದ ಬೇರೆಯವರ ಊಟದ ಡಬ್ಬಿ ಎತ್ತುವವರನ್ನೂ ಸಹಿಸಿಕೊಂಡೇನು. ತಾನು ಬರೆದ ಪ್ರೋಗ್ರಾಂ ತನ್ನ ಲ್ಯಾಪ್‌ಟಾಪಿನಲ್ಲಿ ಓಡಿತು ಎಂಬ ಒಂದೇ ಕಾರಣಕ್ಕೆ ಎದೆಯುಬ್ಬಿಸಿ ನಿಲ್ಲುವ ಗಂಡಸನ್ನು ಮಾತ್ರ ಸಹಿಸಲಾರೆ. ಹೊಸಬನೊಬ್ಬ ಕೆಲಸಕ್ಕೆ ಸೇರಿದ ಮೂರನೆಯ ದಿನವೇ ನನ್ನ ಮೇಜಿನ ಮುಂದೆ ನಿಂತು ಆ ಮಾತು ಹೇಳಿದ.

ತಲೆ ಎತ್ತಿ ನೋಡಿದೆ. ಮೊಣಕೈವರೆಗೆ ಮಡಚಿದ ತೋಳು, ಎಡಗೈಯಲ್ಲಿ ಅರ್ಧ ಸುಲಿದ ಕಿತ್ತಳೆ ಹಣ್ಣು, ಮುಖದಲ್ಲಿ ಈಗತಾನೆ ನಿದ್ದೆಯಿಂದ ಎದ್ದವನ ಸಾವಧಾನ.

“ಹಾಗಾದ್ರೆ ನಿಮ್ಮ ಮಶೀನನ್ನೇ ಆಂಬುಲೆನ್ಸ್ ಆಫೀಸಿಗೆ ಕಳಿಸಿಬಿಡೋಣ್ವಾ? ಜೊತೇಲಿ ನೀವೂ ಹೋಗಿ ಕೂತ್ಕೊಳ್ಳಿ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವನೂ ನಕ್ಕ. ಬೈಸಿಕೊಂಡವರು ಮುಖ ಸಣ್ಣದು ಮಾಡಿಕೊಳ್ಳಬೇಕು, ಅದು ನಿಯಮ. ಇವನಿಗೆ ಅಷ್ಟೂ ತಿಳಿಯದು.

“ಕಳಿಸಿ,” ಎಂದ. “ಆದ್ರೆ ಚಾರ್ಜರ್ ಇಲ್ಲೇ ಬಿಟ್ಟು ಹೋಗ್ತೀನಿ, ಮೊದ್ಲೇ ಹೇಳ್ತೀನಿ. ನಂಗೆ ಮರೆವು ಜಾಸ್ತಿ.”

ಅಂದೇ ಅವನಿಗೆ ಓಡ್ತಪ್ಪ ಎಂದು ಹೆಸರಿಟ್ಟೆ. ಸಂಜೆಯೊಳಗೆ ಆಫೀಸಿಗೆಲ್ಲ ಅದೇ ಹೆಸರಾಯಿತು. ನನಗಂತೂ ಮೊದಲಿನಿಂದಲೂ ಒಂದು ಹೆಸರಿತ್ತು, ಕೆಂಪಮ್ಮ. ಪರೀಕ್ಷೆಯಲ್ಲಿ ಪಾಸಾದರೆ ತೆರೆಯ ಮೇಲೆ ಹಸಿರು ಬರುತ್ತದೆ, ಫೇಲಾದರೆ ಕೆಂಪು. ಹನ್ನೆರಡು ಜನರ ಆ ಆಫೀಸಿನಲ್ಲಿ ಎಲ್ಲರ ಪ್ರೋಗ್ರಾಮನ್ನೂ ಪರೀಕ್ಷೆಗೆ ಒಡ್ಡುವವಳು ನಾನು. ಹೆಸರು ಹೇಗೆ ಬಂತು ಎಂದು ಬೇರೆ ಹೇಳಬೇಕಾಗಿಲ್ಲ.

ಕುರ್ಚಿ ಮೇಜು ಮಾರುವ ಅಂಗಡಿಯ ಮೇಲಿನ ಮಹಡಿ ನಮ್ಮದು. ಕೆಳಗಿನಿಂದ ಇಡೀ ದಿನ ವಾರ್ನಿಷ್ ವಾಸನೆ. ನಾವು ಮಾಡುತ್ತಿದ್ದುದು ಆಂಬುಲೆನ್ಸ್ ಸೇವೆಯವರಿಗೆ ಒಂದು ಪ್ರೋಗ್ರಾಂ. ಫೋನ್ ಬಂದ ಕೂಡಲೇ ಯಾವ ಗಾಡಿ ಹತ್ತಿರದಲ್ಲಿದೆ, ಯಾವ ಡ್ರೈವರ್ ಈಗ ಪಾಳಿಯಲ್ಲಿದ್ದಾನೆ ಎಂದು ಅದು ಹೇಳಬೇಕು. ಓಡ್ತಪ್ಪನಿಗೆ ಕೊಟ್ಟ ಕೆಲಸ ಇನ್ನೂ ನಾಜೂಕಿನದು. ಹೊರಟ ಗಾಡಿ ದಾರಿಯಲ್ಲಿ ಕೆಟ್ಟು ನಿಂತರೆ ಕರೆಯನ್ನು ತಾನಾಗಿಯೇ ಮುಂದಿನ ಗಾಡಿಗೆ ದಾಟಿಸುವ ಭಾಗ ಅದು.

ನನ್ನ ಪರೀಕ್ಷೆ ಎರಡು ಹಂತದ್ದು. ಬಿಲ್ಡ್ ಟೂಲಿಗೆ ಒಂದೇ ಸಾಲು ಆಜ್ಞೆ ಕೊಟ್ಟರೆ ಸಾಕು. ಅದು ಪ್ರೋಗ್ರಾಮನ್ನು ಕಂಪೈಲ್ ಮಾಡಿ, ಅಂದರೆ ಮಶೀನಿಗೆ ತಿಳಿಯುವ ಭಾಷೆಗೆ ತಿರುಗಿಸಿ, ಮೊದಲು ನನ್ನ ಲ್ಯಾಪ್‌ಟಾಪಿನಲ್ಲೇ ಓಡಿಸಿ ನೋಡುತ್ತದೆ. ಆಮೇಲೆ ಅದನ್ನೇ ಕಂಟೇನರ್ ಒಳಗೆ ಕೂರಿಸಿ ಅವೇ ಪರೀಕ್ಷೆಗಳನ್ನು ಮತ್ತೆ ನಡೆಸುತ್ತದೆ. ಕಂಟೇನರ್ ಎಂದರೆ ಕಟ್ಟಿಕೊಂಡು ಹೋದ ಬುತ್ತಿ ಇದ್ದಂತೆ. ಮನೆಯಲ್ಲಿ ಉಪ್ಪು ಕಡಿಮೆಯಾದರೆ ಕೈ ಚಾಚಿ ಹಾಕಿಕೊಳ್ಳಬಹುದು, ಬುತ್ತಿಯಲ್ಲಿ ಕಟ್ಟಿದ್ದಷ್ಟೇ ಗತಿ. ಆಂಬುಲೆನ್ಸ್ ಆಫೀಸಿಗೆ ಹೋಗುವುದು ಆ ಬುತ್ತಿಯೇ. ಎಲ್ಲರ ಪರೀಕ್ಷೆಗೂ ಸಾಮಾನ್ಯವಾಗಿದ್ದ ಬಿಲ್ಡ್ ಸರ್ವರ್ ಕೆಟ್ಟು ಮೂರು ತಿಂಗಳಾಗಿದ್ದರಿಂದ ಕೊನೆಯ ಮಾತು ನನ್ನ ಲ್ಯಾಪ್‌ಟಾಪಿನದೇ ಆಗಿತ್ತು.

ಓಡ್ತಪ್ಪನ ಕೆಲಸಕ್ಕೆ ಹತ್ತೊಂಬತ್ತು ಹೊಸ ಪರೀಕ್ಷೆಗಳು. ಮೊದಲ ಹಂತದಲ್ಲಿ ಹತ್ತೊಂಬತ್ತೂ ಹಸಿರು. ಕಂಟೇನರಿನಲ್ಲಿ ಹತ್ತೊಂಬತ್ತೂ ಕೆಂಪು. ಹಳೆಯ ಇನ್ನೂರ ಹದಿನಾಲ್ಕು ಮಾತ್ರ ಎರಡೂ ಕಡೆ ಹಸಿರಾಗಿ ಹೊಳೆಯುತ್ತಿದ್ದವು.

“ಕಂಟೇನರಲ್ಲೂ ನನ್ನಲ್ಲಿ ಓಡ್ತಾ ಇದೆ,” ಎಂದ ಅವನು, ಒಂದು ವಾರದ ಮೇಲೆ.

“ನಿಮ್ಮಲ್ಲಿ ಎಲ್ಲಾ ಓಡುತ್ತೆ ಬಿಡಿ. ಕುಣೀಲಾರದೋರು ನೆಲ ಡೊಂಕು ಅಂದ್ರಂತೆ. ಇನ್ನೊಂದ್ಸಲ ನೋಡಿ ತನ್ನಿ.”

ಅವನು ತೆಗೆದುಕೊಂಡು ಹೋದ. ಎರಡು ದಿನ ಬಿಟ್ಟು ತಂದ. ಮತ್ತೆ ಕೆಂಪು.

ಒಂದು ವಿಷಯ ಒಪ್ಪಿಕೊಳ್ಳಬೇಕು. ತಿರಸ್ಕಾರ ಎನ್ನುವುದು ಬಹಳ ಗಮನ ಬೇಡುವ ಕೆಲಸ. ಯಾರನ್ನಾದರೂ ಮನಸಾರೆ ತಾತ್ಸಾರ ಮಾಡಬೇಕಾದರೆ ಅವರನ್ನು ಸರಿಯಾಗಿ ನೋಡುತ್ತಿರಬೇಕು. ನಾನು ನೋಡುತ್ತಿದ್ದೆ. ಅವನು ಯೋಚಿಸುವಾಗ ಕಿವಿಯ ತುದಿ ಎಳೆದುಕೊಳ್ಳುತ್ತಾನೆ. ಮೆಟ್ಟಿಲು ಹತ್ತುವಾಗ ಕೊನೆಯ ಎರಡನ್ನು ಒಟ್ಟಿಗೆ ಹಾರುತ್ತಾನೆ. ಕಿತ್ತಳೆಯ ಸಿಪ್ಪೆಯನ್ನು ಎಲ್ಲೂ ತುಂಡಾಗದಂತೆ ಒಂದೇ ಉದ್ದಕ್ಕೆ ಸುಲಿಯುತ್ತಾನೆ. ಪ್ರೋಗ್ರಾಂ ಬರೆಯಲು ಬಾರದವನಿಗೆ ಇಷ್ಟು ಅಚ್ಚುಕಟ್ಟಾದ ಬೆರಳುಗಳೇಕೆ ಎಂದು ಉರಿದುಕೊಳ್ಳುತ್ತಿದ್ದೆ.

ದಿನಾ ನಾಲ್ಕು ಗಂಟೆಗೆ ಆ ಹಣ್ಣಿನ ಅರ್ಧ ನನ್ನ ಮೇಜಿನ ಮೇಲೆ ಬರುತ್ತಿತ್ತು, ಒಂದು ಕಾಗದದ ಮೇಲೆ. ಇಟ್ಟು ಹೋಗುತ್ತಿದ್ದ.

“ಇದೇನು, ಲಂಚಾನಾ?” ಎಂದು ಮೊದಲ ದಿನ ಕೇಳಿದೆ.

“ಹತ್ತೊಂಬತ್ತು ಕೆಂಪಿಗೆ ಅರ್ಧ ಕಿತ್ತಳೆ ಲಂಚ ಕೊಡೋಷ್ಟು ದಡ್ಡ ನಾನಲ್ಲ, ಮೇಡಂ.”

“ದಡ್ಡರೋ ಅಲ್ವೋ ಅಂತ ರಿಪೋರ್ಟ್ ಹೇಳುತ್ತೆ.”

ಕಣ್ಣಲ್ಲೇ ನಕ್ಕು ಹೋದ. ನಾನು ಹಣ್ಣು ತಿಂದೆ. ಲಂಚವಾದರೂ ಸಿಹಿಯಾಗಿತ್ತು, ಹಾಳಾದ್ದು.

ಮನೆಯಲ್ಲಿ ಅಕ್ಕನ ಮುಂದೆ ದಿನಾ ಅವನ ಪುರಾಣವೇ. ಅಕ್ಕ ಶಾಲಾ ಯೂನಿಫಾರಂ ಹೊಲಿಯುವವಳು. ಮುಂದಿನ ಕೋಣೆಯ ತುಂಬ ನೀಲಿ ಚೂರುಗಳು, ಮೂಲೆಯಲ್ಲಿ ಅಳತೆಯ ಗೊಂಬೆ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಕೇಳಿಸಿಕೊಳ್ಳುತ್ತಿದ್ದಳು.

“ಕೆಂಪಮ್ಮ, ಓಡ್ತಪ್ಪ,” ಎಂದಳು ಒಂದು ದಿನ. “ಮದುವೆ ಕಾಗದದಲ್ಲಿ ಹಾಕಿದ್ರೆ ಎಷ್ಟು ಚೆನ್ನಾಗಿರುತ್ತೆ ನೋಡೇ.”

“ಥೂ! ಅವನನ್ನ ಕಂಡ್ರೆ ನಂಗೆ ಮೈಯೆಲ್ಲಾ ಉರಿಯುತ್ತೆ.”

“ಉರೀಲಿ ಬಿಡು. ಐದು ವಾರದಿಂದ ಊಟಕ್ಕೆ ಕೂತ್ರೆ ಅವನೇ, ಎದ್ರೆ ಅವನೇ. ಅದ್ಸರಿ, ನಿನ್ನ ಪರೀಕ್ಷೆ ಸರಿ ಇದೆಯಾ?”

“ಅಂದ್ರೆ?”

“ನಾನು ಹೊಲಿದಿದ್ದನ್ನ ಗೊಂಬೆಗೆ ಹಾಕಿ ನೋಡ್ತೀನಿ. ಗೊಂಬೆ ಯಾವತ್ತೂ ಬಿಗಿ ಅಂದಿಲ್ಲ. ಮಗು ಹಾಕ್ಕೊಂಡಾಗ್ಲೇ ಗೊತ್ತಾಗೋದು, ಗೊಂಬೆ ಅಳತೇನೇ ತಪ್ಪು ಅಂತ.”

“ಅಕ್ಕಾ, ನೀನು ಕಾಜಾ ಹೊಲಿ. ನನ್ನ ಕೆಲಸ ನಂಗೆ ಬರುತ್ತೆ.”

ಆ ವಾರವೇ ನನ್ನ ತೆರೆಯ ಅಂಚಿಗೆ ಅವನು ಒಂದು ಹಳದಿ ಚೀಟಿ ಅಂಟಿಸಿದ್ದ. ಗುಂಡು ಅಕ್ಷರದಲ್ಲಿ ಒಂದೇ ಸಾಲು: ‘ಒಂದು ಸಲ ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ ನೋಡ್ತೀರಾ?’

ನನ್ನ ರಕ್ತ ಕುದಿಯಿತು. ರೀಸ್ಟಾರ್ಟ್ ಮಾಡಿ ನೋಡಿ ಎನ್ನುವುದು ಮೌಸ್ ಹಿಡಿಯಲು ಬಾರದವರಿಗೆ ಹೇಳುವ ಮಾತು. ಒಂಬತ್ತು ವರ್ಷದಿಂದ ಈ ಕೆಲಸ ಮಾಡುತ್ತಿರುವವಳಿಗೆ, ಲ್ಯಾಪ್‌ಟಾಪನ್ನು ಎಂದೂ ಶಟ್ ಡೌನ್ ಮಾಡದೆ ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕುವುದೇ ತನ್ನ ಹೆಗ್ಗಳಿಕೆ ಎಂದುಕೊಂಡವಳಿಗೆ, ಇವನು ಉಪದೇಶ ಮಾಡುವುದೇ! ಚೀಟಿ ಕಿತ್ತು ಕಾಫಿ ಲೋಟದ ಕೆಳಗಿಟ್ಟೆ. ಅವನು ಹಾದುಹೋಗುವಾಗ ಕಾಣುವಂತೆಯೇ ಇಟ್ಟೆ. ಅವನು ನೋಡಿದ, ಕಿವಿ ಎಳೆದುಕೊಂಡ, ಹೋದ.

ಅವನ ಆರು ವಾರದ ಪರೀಕ್ಷಾವಧಿ ಶುಕ್ರವಾರಕ್ಕೆ ಮುಗಿಯುತ್ತಿತ್ತು. ಉಳಿಸಿಕೊಳ್ಳಬೇಕೋ ಕಳಿಸಬೇಕೋ ಎಂದು ಹೇಳುವವರು ಮೇಷ್ಟ್ರು. ನಮ್ಮ ಆಫೀಸಿನ ಮುಖ್ಯಸ್ಥರು ಹಿಂದೆ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರು, ಹಾಗಾಗಿ ಎಲ್ಲರಿಗೂ ಮೇಷ್ಟ್ರೇ. ಬುಧವಾರ ನನ್ನನ್ನು ಕರೆದು, “ನಿನ್ನ ಅಭಿಪ್ರಾಯ ಬರೆದು ಕಳಿಸಮ್ಮ. ನಂಗೆ ನಿನ್ನ ಮಾತೇ ಕೊನೆ ಮಾತು,” ಎಂದರು.

ನಾನು ಬರೆದೆ. ‘ಇವರ ಕೆಲಸ ಇವರ ಮಶೀನಿನ ಆಚೆ ನಡೆಯುವುದಿಲ್ಲ. ಆಂಬುಲೆನ್ಸಿನಂಥ ಕೆಲಸಕ್ಕೆ ಇವರನ್ನು ನಂಬಲಾಗದು.’ ಎರಡೇ ಸಾಲು. ಕಳಿಸಿದ ಮೇಲೆ ನೀರು ಕುಡಿದೆ.

ಗುರುವಾರ ನಾಲ್ಕು ಗಂಟೆಗೆ ಅರ್ಧ ಕಿತ್ತಳೆ ಬಂತು. ಎಂದಿನಂತೆ.

ಅಂದು ಸಂಜೆ ಅಕ್ಕ ಇಸ್ತ್ರಿ ಪೆಟ್ಟಿಗೆಗೆಂದು ನನ್ನ ಚಾರ್ಜರಿನ ಪ್ಲಗ್ ಕಿತ್ತಿದ್ದಳು. ಮತ್ತೆ ಹಾಕಲು ಮರೆತಳು. ಬೆಳಿಗ್ಗೆ ನೋಡಿದರೆ ಲ್ಯಾಪ್‌ಟಾಪ್ ಸತ್ತು ಮಲಗಿದೆ. ಅಕ್ಕನಿಗೆ ನಾಲ್ಕು ಮಾತು ಆಡಿ, ಆಫೀಸಿಗೆ ಬಂದು ಚಾರ್ಜ್‌ಗೆ ಹಾಕಿ, ಹೊಸದಾಗಿ ಆನ್ ಮಾಡಿ, ಕೊನೆಯ ಸಲ ಎಂದು ಪರೀಕ್ಷೆ ಓಡಿಸಿದೆ.

ಲ್ಯಾಪ್‌ಟಾಪಿನಲ್ಲಿ ಎಲ್ಲ ಹಸಿರು. ಕಂಟೇನರಿನಲ್ಲಿ ಕೆಂಪು, ಕೆಂಪು, ಕೆಂಪು. ಹತ್ತೊಂಬತ್ತಲ್ಲ. ಇನ್ನೂರ ಮೂವತ್ತಮೂರೂ ಕೆಂಪು.

ಎದ್ದವಳೇ ಪ್ಯಾಂಟ್ರಿಗೆ ನುಗ್ಗಿದೆ. ಅವನು ಲೋಟ ತೊಳೆಯುತ್ತಿದ್ದ.

“ಏನ್ರೀ ಮಾಡಿದ್ರಿ? ಹೋಗೋವಾಗ ಮನೆಗೆ ಬೆಂಕಿ ಇಟ್ಟು ಹೋಗೋ ಜಾತಿನಾ ನೀವು? ನಿಮ್ಮ ಹತ್ತೊಂಬತ್ತು ಸಾಲ್ದು ಅಂತ ನನ್ನ ಇನ್ನೂರ ಹದಿನಾಲ್ಕನ್ನೂ ಮುಳುಗಿಸಿದ್ರಾ?”

ಪ್ಯಾಂಟ್ರಿಯ ಬಾಗಿಲಲ್ಲಿ ಮೂರು ತಲೆಗಳು ಇಣುಕಿದವು. ಅವನು ಲೋಟ ಬೋರಲು ಹಾಕಿದ, ಕೈ ಒರೆಸಿಕೊಂಡ.

“ನಿನ್ನೆಯಿಂದ ನಾನು ಒಂದಕ್ಷರ ಮುಟ್ಟಿಲ್ಲ. ಬನ್ನಿ, ನೋಡೋಣ.”

ನನ್ನ ಕುರ್ಚಿಯ ಪಕ್ಕ ಮೊಣಕಾಲೂರಿ ಕೂತ. ಕಿತ್ತಳೆಯ ವಾಸನೆ. ತೆರೆಯ ಮೇಲಿನ ಕೆಂಪು ಸಾಲನ್ನು ಬೆರಳಿನಿಂದ ತೋರಿಸಿದ.

“ಇಲ್ಲಿ ನೋಡಿ, ತಪ್ಪು ಉತ್ತರ ಬಂತು ಅಂತಿಲ್ಲ. ಉತ್ತರಾನೇ ಬಂದಿಲ್ಲ. ಪರೀಕ್ಷೆ ಹೋಗಿ ಬಾಗಿಲು ತಟ್ಟಿದೆ, ಒಳಗೆ ಯಾರೂ ಇಲ್ಲ.”

“ಕಂಟೇನರ್ ಎದ್ದೇ ಇಲ್ಲ ಅಂತಾಯ್ತು.”

“ಎದ್ದಿದೆ. ಅದೋ, ಎಂಬತ್ತು ಎಂಬತ್ತೈದು ನಂಬರಿನ ಬಾಗಿಲಲ್ಲಿ ಕಾಯ್ತಾ ಕೂತಿದೆ. ಪರೀಕ್ಷೆ ತಟ್ತಾ ಇರೋದು ಎಂಬತ್ತು ಎಂಬತ್ತೊಂದನ್ನ.”

“ಇಷ್ಟು ದಿನ ಅದನ್ನೇ ತಟ್ಟಿದ್ರೂ ಹಸಿರು ಬರ್ತಿತ್ತಲ್ಲ?”

“ಅದೇ,” ಎಂದ ಮೆಲ್ಲಗೆ. “ನಿನ್ನೆವರೆಗೂ ಬಾಗಿಲು ತೆಗೀತಿದ್ದೋರು ಯಾರು?”

ನಾನು ನನ್ನ ಸೆಟ್ಟಿಂಗ್ ಫೈಲನ್ನು ತೆರೆದೆ.

ಅವನು ಸೇರುವುದಕ್ಕೆ ಮೂರು ದಿನ ಮುಂಚೆ ಏನೋ ನೋಡಲೆಂದು ಪ್ರೋಗ್ರಾಮಿನ ಒಂದು ಪ್ರತಿಯನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಕೈಯಾರೆ ಓಡಿಸಿದ್ದೆ, ಎಂಬತ್ತು ಎಂಬತ್ತೊಂದನೆಯ ಬಾಗಿಲಲ್ಲಿ. ಒಂದೊಂದು ಮಶೀನಿಗೂ ಪೋರ್ಟ್ ಎಂಬ ಇಂಥ ನಂಬರಿನ ಬಾಗಿಲುಗಳು ಸಾವಿರಾರು. ಕಂಟೇನರಿನ ಪರೀಕ್ಷೆಯೂ ಅಲ್ಲಿಗೇ ಹೋಗಲಿ ಎಂದು ನನ್ನ ಸ್ವಂತ ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು ಬದಲಿಸಿದ್ದೆ. ಐದು ನಿಮಿಷದ ಕೆಲಸ. ಆಮೇಲೆ ಪ್ರತಿಯನ್ನು ನಿಲ್ಲಿಸಲಿಲ್ಲ, ಸಾಲನ್ನೂ ಸರಿಮಾಡಲಿಲ್ಲ, ಲ್ಯಾಪ್‌ಟಾಪನ್ನು ಆರಿಸಲೂ ಇಲ್ಲ. ಆರು ವಾರ ನಾನು ಕಂಟೇನರನ್ನು ಪರೀಕ್ಷಿಸಿರಲೇ ಇಲ್ಲ. ಆರು ವಾರದ ಹಿಂದಿನ ಹಳೆಯ ಪ್ರತಿಯನ್ನು ಮತ್ತೆ ಮತ್ತೆ ಕೇಳುತ್ತಿದ್ದೆ. ಹಳೆಯ ಪ್ರಶ್ನೆಗಳಿಗೆ ಅದು ಸರಿಯಾಗಿ ಉತ್ತರ ಹೇಳುತ್ತಿತ್ತು. ಓಡ್ತಪ್ಪನ ಹೊಸ ಕೆಲಸವನ್ನು ಅದು ಕಂಡೇ ಇರಲಿಲ್ಲ. ಕಾಣದ್ದಕ್ಕೆ ಉತ್ತರ ಎಲ್ಲಿಂದ ತಂದೀತು!

ನನ್ನ ಮಶೀನಲ್ಲಿ ಓಡುತ್ತಾ ಇತ್ತು. ಆ ಹೇಸಿಗೆಯ ಮಾತು ಕೊನೆಗೂ ಸರಿಯಾಗಿ ಒಪ್ಪಿದ್ದು ನನಗೇ.

“ನಿಮಗೆ ಮೊದ್ಲೇ ಗೊತ್ತಿತ್ತಾ?” ಎಂದೆ. ಇಂಗು ತಿಂದ ಮಂಗನ ಹಾಗಾಗಿತ್ತು ಮುಖ.

“ಅನುಮಾನ ಇತ್ತು. ನೀವು ಕಳಿಸೋ ರಿಪೋರ್ಟಿನಲ್ಲಿ ಪ್ರೋಗ್ರಾಮಿನ ತಾರೀಕು ನಾನು ಸೇರೋಕ್ಕಿಂತ ಹಿಂದಿಂದು ಬರ್ತಿತ್ತು. ಅದಕ್ಕೇ ಚೀಟಿ ಅಂಟಿಸಿದೆ.”

“ಬಾಯಿಬಿಟ್ಟು ಹೇಳೋಕೇನಾಗಿತ್ತು?”

“ಹೇಳೋಕೆ ಮೂರು ಸಲ ಬಂದೆ. ಮೂರು ಸಲಾನೂ ಕುಣೀಲಾರದೋರ ಗಾದೆ ಹೇಳಿ ಕಳಿಸಿದ್ರಿ.”

ಲೋಟದ ಕೆಳಗೆ ಹಳದಿ ಚೀಟಿ ಇನ್ನೂ ಇತ್ತು. ಅದರ ಮೇಲೆ ಕಾಫಿಯ ದುಂಡು ಕಲೆ.

ಸಾಲು ಸರಿಮಾಡಿ ಮತ್ತೆ ಓಡಿಸಿದೆ. ಇಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು. ಅವನ ಹತ್ತೊಂಬತ್ತು, ಒಂದಾದ ಮೇಲೊಂದು, ಹಸಿರು. ನನ್ನ ಹಳೆಯವುಗಳಲ್ಲಿ ಮೂರು ಮಾತ್ರ ಕೆಂಪು, ಡ್ರೈವರುಗಳ ಪಾಳಿಯ ಸಮಯ ನೋಡುವಂಥವು. ಕಂಟೇನರ್ ಹಗುರವಾಗಲಿ ಎಂದು ತಿಂಗಳ ಹಿಂದೆ ನಾನೇ ಅದನ್ನು ಚಿಕ್ಕದಕ್ಕೆ ಬದಲಿಸಿದ್ದೆ. ಆ ಚಿಕ್ಕದರಲ್ಲಿ ಸ್ಥಳೀಯ ಸಮಯದ ಮಾಹಿತಿಯೇ ಇರಲಿಲ್ಲ. ಹಾಗಾಗಿ ಗಡಿಯಾರ ಗ್ರೀನಿಚ್ ಸಮಯಕ್ಕೆ, ನಮಗಿಂತ ಐದೂವರೆ ತಾಸು ಹಿಂದೆ. ಹಾಗೇ ಕಳಿಸಿದ್ದರೆ ತುರ್ತು ಕರೆಗಳೆಲ್ಲ ಪಾಳಿ ಮುಗಿಸಿ ಮನೆಗೆ ಹೋದ ಡ್ರೈವರಿಗೆ ಹೋಗುತ್ತಿದ್ದವು. ನಾನು ಸಹಿ ಹಾಕಿದ ಹಸಿರು ಅದು. ನಂಬಲಾಗದವರು ಯಾರು ಎಂದು ನನಗೆ ನಾನೇ ಕೇಳಿಕೊಂಡೆ. ಉತ್ತರಕ್ಕೆ ಬಿಲ್ಡ್ ಟೂಲ್ ಬೇಕಾಗಿರಲಿಲ್ಲ.

“ಇದನ್ನ ಇಬ್ರೂ ಸೇರಿ ಅರ್ಧ ದಿನದಲ್ಲಿ ಸರಿ ಮಾಡಬಹುದು,” ಎಂದ. “ಯಾರಿಗೂ ಗೊತ್ತಾಗಲ್ಲ.”

“ನಿಮ್ಮ ವಿಷ್ಯ ಮೇಷ್ಟ್ರಿಗೆ ಏನು ಬರೆದಿದ್ದೀನಿ ಗೊತ್ತಾ?”

“ಗೊತ್ತು. ನಿನ್ನೆ ಮಧ್ಯಾಹ್ನ ಓದಿ ಹೇಳಿದ್ರು.”

“ಮಧ್ಯಾಹ್ನ? ಆಮೇಲೂ ನಾಲ್ಕು ಗಂಟೆಗೆ ಹಣ್ಣು ತಂದಿಟ್ರಾ?”

“ನಾಲ್ಕು ಗಂಟೆ ಆಗಿತ್ತಲ್ಲ,” ಎಂದ. ಆ ಮುಖದಲ್ಲಿ ಹುಡುಕಿದರೂ ಒಂದು ಚೂರು ಕಹಿ ಇರಲಿಲ್ಲ. ನನಗೆ ಅಳು ಬಂತು. ಅಳು ಬಂದದ್ದಕ್ಕೆ ಸಿಟ್ಟು ಬಂತು. ಇಂಥವನನ್ನು ನಾನು ಎರಡು ಸಾಲಿನಲ್ಲಿ ಕಿತ್ತೆಸೆಯಲು ಹೊರಟಿದ್ದೆ.

ಪಾಳಿಯ ಸಮಯ ಸರಿಮಾಡಿ ಮುಗಿಸುವಾಗ ಮೂರೂವರೆ. ನಾಲ್ಕಕ್ಕೆ ಮೇಷ್ಟ್ರ ಕೋಣೆಯಲ್ಲಿ ಅವನ ತೀರ್ಮಾನ. ನಾನು ಮುಂಚೆಯೇ ಹೋಗಿ ನಿಂತೆ.

“ಸರ್, ಬುಧವಾರ ನಾನು ಕಳಿಸಿದ್ದು ತಪ್ಪು. ಅವರ ಕೆಲಸ ಮೊದಲ ವಾರದಿಂದಲೂ ಸರಿ ಇತ್ತು. ನನ್ನ ಪರೀಕ್ಷೆ ಕೆಟ್ಟಿತ್ತು.”

ಮೇಷ್ಟ್ರು ಕನ್ನಡಕ ತೆಗೆದರು. “ಏನಮ್ಮಾ ಇದು? ಆರು ವಾರ ಆ ಮನುಷ್ಯನನ್ನ ಎಲ್ಲರ ಮುಂದೆ ಓಡ್ತಪ್ಪ ಅಂತ ಆಡಿಕೊಂಡು, ಈಗ ನನ್ನ ಕೋಣೇಲಿ ಬಾಗಿಲು ಹಾಕ್ಕೊಂಡು ಹೇಳ್ತೀಯಾ?”

ನಾನು ಹೊರಗೆ ಬಂದು ಹನ್ನೆರಡು ಜನಕ್ಕೂ ಮೇಲ್ ಬರೆದೆ. ಏನಾಯಿತು, ಹೇಗಾಯಿತು, ಯಾವ ಸಾಲು, ಎಷ್ಟು ದಿನ, ಒಂದನ್ನೂ ಬಿಡಲಿಲ್ಲ. ಕೊನೆಗೆ ಹೀಗೆ ಬರೆದೆ: ‘ರೀಸ್ಟಾರ್ಟ್ ಮಾಡಿ ನೋಡಿ ಎಂದು ಅವರು ಚೀಟಿ ಬರೆದು ಹೇಳಿದ್ದರು. ನಾನು ಅದರ ಮೇಲೆ ಲೋಟ ಇಟ್ಟೆ. ಈ ಆಫೀಸಿನಲ್ಲಿ ಕುಣಿಯಲಾರದೆ ನೆಲ ಡೊಂಕು ಎಂದವಳು ನಾನು.’ ಕಳಿಸುವ ಗುಂಡಿ ಒತ್ತಿದೆ. ಒಂದೊಂದೇ ಮೇಜಿನಲ್ಲಿ ತಲೆಗಳು ಮೇಲೆದ್ದವು. ಈ ಸಲ ಯಾರೂ ಕಿಸಕ್ಕನೆ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ನಾಲ್ಕೂಕಾಲಿಗೆ ಅವನು ಮೇಷ್ಟ್ರ ಕೋಣೆಯಿಂದ ಹೊರಗೆ ಬಂದ. ನೇರ ನನ್ನ ಮೇಜಿಗೆ. ಕೈಯಲ್ಲಿ ಇಡೀ ಕಿತ್ತಳೆ.

“ಉಳಿಸ್ಕೊಂಡ್ರು,” ಎಂದ. “ಇವತ್ತು ಪೂರ್ತಿ ಕೊಡ್ಲಾ?”

“ಬೇಡ. ಅರ್ಧ ಸಾಕು. ಇನ್ನರ್ಧ ಇಲ್ಲೇ ಕೂತು ತಿನ್ನಿ.”

ಅವನು ಕುರ್ಚಿ ಎಳೆದುಕೊಂಡು ಕೂತ. ಸಿಪ್ಪೆ ಒಂದೇ ಉದ್ದಕ್ಕೆ ಸುರುಳಿಯಾಗಿ ಇಳಿಯಿತು. ನಾನು ಈ ಸಲ ಕದ್ದು ನೋಡಲಿಲ್ಲ, ನೆಟ್ಟಗೆ ನೋಡಿದೆ. ಅವನಿಗೇ ನಾಚಿಕೆಯಾಗಿ ಕಿವಿ ಕೆಂಪಾಯಿತು.

“ಯಾಕ್ರೀ ನನ್ನ ಸಹಿಸ್ಕೊಂಡ್ರಿ?” ಎಂದು ಕೇಳಿದೆ. “ನಾನಾಗಿದ್ರೆ ನನ್ನಂಥವಳ ಮುಖಕ್ಕೆ ಸಿಪ್ಪೆ ಎಸೀತಿದ್ದೆ.”

“ನೀವು ಎಲ್ಲರ ತಪ್ಪನ್ನೂ ಹುಡುಕ್ತೀರಿ, ಆದ್ರೆ ಒಂದು ದಿನಾನೂ ಯಾರ ತಪ್ಪನ್ನೂ ಮುಖ ನೋಡಿ ಬಿಟ್ಟಿಲ್ಲ. ನಿಮ್ಮದು ಸಿಕ್ಕಿದ್ರೂ ಬಿಡಲ್ಲ ಅಂತ ಗೊತ್ತಿತ್ತು. ಅದಕ್ಕೇ ಇಷ್ಟ ಆದ್ರಿ.” ಕಿತ್ತಳೆಯ ತೊಳೆ ಬಿಡಿಸುತ್ತ, “ಮೂರನೇ ದಿನಾನೇ,” ಎಂದ.

“ನಂಗೂ ನೀವು ಇಷ್ಟ,” ಎಂದೆ. ಮುಖ ಗಂಟು ಹಾಕಿಕೊಂಡೇ ಹೇಳಿದೆ, ಬೇರೆ ಮುಖ ನನ್ನ ಹತ್ತಿರ ತಯಾರಿರಲಿಲ್ಲ. “ಸಿಟ್ಟು ಬರೋಷ್ಟು ಇಷ್ಟ. ನಮ್ಮಕ್ಕನಿಗೆ ನನಗಿಂತ ಮೊದ್ಲೇ ಗೊತ್ತಾಗಿತ್ತು, ಅದು ಇನ್ನೂ ಸಿಟ್ಟು.”

“ಹಾಗಾದ್ರೆ ಒಂದು ಶರತ್ತು. ದಿನಾ ಸಂಜೆ ಇದನ್ನ ಶಟ್ ಡೌನ್ ಮಾಡಿ, ನನ್ನ ಜೊತೆ ಬಸ್ ಸ್ಟಾಪಿನವರೆಗೂ ನಡ್ಕೊಂಡು ಬರ್ಬೇಕು.”

“ದಿನಾನಾ? ಶನಿವಾರ ರಜಾ ಇರುತ್ತೆ.”

“ಶನಿವಾರ ಬರೀ ನಡೆಯೋಣ.”

ಐದೂವರೆಗೆ ಶಟ್ ಡೌನ್ ಒತ್ತಿದೆ. ಇನ್ನೂ ಏನೇನೋ ಓಡುತ್ತಿದೆ, ಎಲ್ಲ ನಿಲ್ಲಿಸಲೇ ಎಂದು ಲ್ಯಾಪ್‌ಟಾಪ್ ಕೇಳಿತು. ನಿಲ್ಲಿಸು ಎಂದೆ. ತೆರೆ ಕಪ್ಪಾಯಿತು. ಹಳದಿ ಚೀಟಿಯನ್ನು ಪರ್ಸಿನೊಳಗಿಟ್ಟುಕೊಂಡೆ.

ಕೆಳಗೆ ಅಂಗಡಿಯವನು ಹೊಸ ಕುರ್ಚಿಗಳನ್ನು ಒಳಗೆ ಎಳೆಯುತ್ತಿದ್ದ. ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಬಸ್ ಸ್ಟಾಪಿನವರೆಗೆ ಇಬ್ಬರೂ ನಡೆದೆವು. ಬೆಂಚಿನ ಹತ್ತಿರ ಬಂದ ಮೇಲೆ ಅವನು ತಟ್ಟನೆ ನಿಂತು ಬ್ಯಾಗ್ ತಡಕಾಡಿದ.

“ಅಯ್ಯೋ! ನನ್ನ ಚಾರ್ಜರ್ ಅಲ್ಲೇ ಬಿಟ್ಟೆ.”

ನಾನು ನನ್ನ ಬ್ಯಾಗಿನಿಂದ ಅದನ್ನು ತೆಗೆದು ಮುಂದೆ ಚಾಚಿದೆ. ಹೊರಡುವಾಗ ಅವನ ಮೇಜಿನ ಮೇಲಿಂದ ಎತ್ತಿಕೊಂಡಿದ್ದೆ, ವೈರು ಸುತ್ತಿ.

“ಮರೆಗುಳಿ,” ಎಂದು ಬೈದೆ. “ನಿಮ್ಮಂಥೋರನ್ನ ಒಂಟಿಯಾಗಿ ಬಿಡಬಾರದು.”

ಅವನು ಚಾರ್ಜರ್ ತೆಗೆದುಕೊಳ್ಳಲಿಲ್ಲ. ಅದನ್ನು ಹಿಡಿದಿದ್ದ ನನ್ನ ಕೈಯನ್ನೇ ಹಿಡಿದುಕೊಂಡ. ನಮ್ಮ ಬಸ್ಸು ಬಂತು, ಒಂದು ನಿಮಿಷ ನಿಂತಿತು, ಹೋಯಿತು. ನಾವು ಹತ್ತಲಿಲ್ಲ.